ಕಾಲಂ ಒಂಬತ್ತು: ಮಾತೃಭಾಷೆ

“ನಿಮ್ಮಿಬ್ಬರ ಮಧ್ಯೆ ನಾನು ಯಾವತ್ತೂ ನಿಲ್ಲಲ್ಲ ಅಮ್ಮ.”

ಹದಿನೇಳು ವರ್ಷಗಳ ಹಿಂದೆ, ದೆಹಲಿಯ ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ, ಬೆಂಗಳೂರಿನ ರೈಲಿನ ಕಿಟಕಿಯ ಸರಳು ಹಿಡಿದುಕೊಂಡು ನನ್ನ ತಾಯಿಗೆ ಈ ಮಾತು ಕೊಟ್ಟೆ. ನನ್ನ ಹೆಗಲ ಮೇಲೆ ಮೂರು ತಿಂಗಳ ಚಿನ್ಮಯಿ ಮಲಗಿದ್ದಳು. ಬಾಣಂತನ ಮುಗಿಸಿ ಅಮ್ಮ ತುಮಕೂರಿಗೆ ಹೊರಟಿದ್ದಳು.

ಅಮ್ಮನ ಹೆಸರು ಸುಶೀಲಮ್ಮ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಕಾಲದಲ್ಲಿ ಆ ಕಡೆಯ ದನಿ ಈ ಕಡೆ ಸರಿಯಾಗಿ ಕೇಳದಿದ್ದರೆ ಆಪರೇಟರೇ ನಡುವೆ ನಿಂತು ಇಬ್ಬರಿಗೂ ಹೇಳಬೇಕಿತ್ತಂತೆ. “ಒಂದು ಸಲ ಗಂಡಿನ ಕಡೆಯವರು ಹುಡುಗಿ ಬೇಡ ಅಂದದ್ದನ್ನ ನನ್ನ ಬಾಯಲ್ಲಿ ಹೇಳಿಸಿದ್ರು ಕಣೆ. ಆ ಕಡೆ ಹುಡುಗೀನೇ ಫೋನ್ ಎತ್ತಿದ್ದು. ಅವತ್ತು ನಂಗೆ ಊಟ ಸೇರಲಿಲ್ಲ” ಎಂದು ಎಷ್ಟು ಸಲ ಹೇಳಿದ್ದಳೋ. ಇಬ್ಬರ ಮಾತಿನ ನಡುವೆ ಮೂರನೆಯವರ ಬಾಯಿ ಎಂದರೆ ಅವಳಿಗೆ ಆಗುತ್ತಿರಲಿಲ್ಲ.

ರೈಲು ಹೊರಡುವ ಮುಂಚೆ ಅವಳು ಕೇಳಿದ್ದು ಒಂದೇ. “ಇವಳು ಮಾತು ಕಲಿತ ಮೇಲೆ ನನ್ನ ಜೊತೆ ನೇರವಾಗಿ ಮಾತಾಡ್ಬೇಕು. ಇವಳು ಹಿಂದೀಲಿ ಏನೋ ಅನ್ನೋದು, ನೀನು ನಿಂತು ಕನ್ನಡ ಮಾಡಿ ಹೇಳೋದು... ಅಂಥ ಟ್ರಂಕ್ ಕಾಲ್ ನಂಗೆ ಬೇಡ ಹರಿಣಿ.”

ಅದಕ್ಕೇ ನಾನು ಹಾಗೆ ಹೇಳಿದ್ದು. ಹೇಳುವಾಗ ಅದು ಕಷ್ಟದ ಮಾತು ಎಂದೇ ಅನ್ನಿಸಿರಲಿಲ್ಲ. ತಾಯಿ ಕನ್ನಡದವಳು, ಮಗಳು ಕನ್ನಡ ಆಡುತ್ತಾಳೆ, ಅದರಲ್ಲಿ ಮಾಡುವುದೇನಿದೆ ಎಂದುಕೊಂಡಿದ್ದೆ.

ಈ ವರ್ಷ ಮೇ ತಿಂಗಳಲ್ಲಿ ಚಿನ್ಮಯಿ ಒಂದು ಅರ್ಜಿ ತಂದು ನನ್ನ ಮುಂದೆ ಇಟ್ಟಳು. ಕರ್ನಾಟಕದ ಒಂದು ಟ್ರಸ್ಟ್ ನಡೆಸುವ ಕಾಲೇಜು. ಪಶುಚಿಕಿತ್ಸೆಯ ಎರಡು ವರ್ಷದ ಡಿಪ್ಲೊಮಾ. ಅದರಲ್ಲಿ ಹೊರನಾಡ ಕನ್ನಡಿಗರಿಗೆಂದೇ ಎರಡು ಸೀಟು. ಹನ್ನೆರಡನೆಯ ತರಗತಿಯಲ್ಲಿ ಫಿಸಿಕ್ಸ್ ಅವಳನ್ನು ಕೈಬಿಟ್ಟಿತ್ತು. ದೊಡ್ಡ ಪ್ರವೇಶ ಪರೀಕ್ಷೆಯೂ ಕೈಬಿಟ್ಟಿತ್ತು. ಪ್ರಾಣಿಗಳನ್ನು ಬಿಟ್ಟು ಬೇರೆ ಏನನ್ನೂ ಓದಲಾರೆ ಎಂದು ಅವಳು ಹಟ ಹಿಡಿದಿರಲಿಲ್ಲ. ಹಟ ಅವಳ ಸ್ವಭಾವವೇ ಅಲ್ಲ. ಸುಮ್ಮನೆ ಬೇರೆ ಕಾಲೇಜಿನ ಯಾವ ಫಾರ್ಮನ್ನೂ ತುಂಬದೆ ಕೂತಿದ್ದಳು. ಅವಳು ಹಾಗೆ. ಮಾತಿಲ್ಲ.

ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಟಪಾಲು ವಿಭಾಗದಲ್ಲಿದ್ದೇನೆ. ಇಪ್ಪತ್ತು ವರ್ಷದಿಂದ ಬಂದ ಕಾಗದಗಳನ್ನು ದಾಖಲು ಮಾಡುವುದು, ಕಾಲಂ ಖಾಲಿ ಬಿಟ್ಟ ಅರ್ಜಿಗಳನ್ನು ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ಅರ್ಜಿ ತುಂಬುವುದೆಂದರೆ ನನಗೆ ಒಲೆ ಹಚ್ಚಿದಷ್ಟೇ ಸಲೀಸು. ಹೆಸರು, ವಿಳಾಸ, ತಂದೆ ಯಶವಂತ್, ಉದ್ಯೋಗ, ಸದ್ಯ ಭೋಪಾಲಿನಲ್ಲಿ ನೇಮಕ, ಎಲ್ಲ ಸರಸರ ಬರೆದೆ. ಒಂಬತ್ತನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

ಅಭ್ಯರ್ಥಿಯ ಮಾತೃಭಾಷೆ. ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಮಾತೃಭಾಷೆ ಎಂದರೆ ಅಭ್ಯರ್ಥಿಯ ಬಾಲ್ಯದಲ್ಲಿ ತಾಯಿಯು ಅಭ್ಯರ್ಥಿಯೊಡನೆ ಆಡಿದ ಭಾಷೆ. ಊರು, ಜಾತಿ, ತಂದೆಯ ಭಾಷೆ ಇವುಗಳನ್ನು ಪರಿಗಣಿಸತಕ್ಕದ್ದಲ್ಲ. ಶಾಲಾ ದಾಖಲೆಯ ಪ್ರತಿ ಲಗತ್ತಿಸುವುದು.’

ಚಿನ್ಮಯಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. “ಅಮ್ಮಾ, ಏನಿದೆ ಇದ್ರಲ್ಲಿ?” ಅವಳಿಗೆ ಕನ್ನಡ ಓದಲು ಬರುವುದಿಲ್ಲ.

ಓದಿ ಹೇಳಿದೆ.

“ಅಚ್ಛಾ.” ಸ್ವಲ್ಪ ಹೊತ್ತು ಬಿಟ್ಟು, “ತೋ ಫಿರ್ ಹಿಂದಿ ಹುಯೀ ನಾ?” ಎಂದಳು, ಹಾಗಾದರೆ ಹಿಂದಿಯೇ ತಾನೆ ಎಂದು. ಚುಚ್ಚಲೆಂದು ಹೇಳಿದ್ದಲ್ಲ. ನೀರಿನ ಕ್ಯಾನು ಎಷ್ಟು ಬೇಕು ಎಂದು ಕೇಳುವ ಹಾಗೆ ಕೇಳಿದಳು.

ನಾನು ಕನ್ನಡ ಎಂದು ಬರೆದೆ.

ಚಿನ್ಮಯಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಆಗ ನಾನು ಅವಳ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದೆ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಅವಳಿರುತ್ತಿದ್ದ ಶಿಶುಮಂದಿರದಲ್ಲಿ ಹಿಂದಿ. ಯಶವಂತ್ ಹುಟ್ಟಿ ಬೆಳೆದದ್ದು ಕರೋಲ್ ಬಾಗಿನಲ್ಲಿ. ಅವರ ಕನ್ನಡ ಊಟ, ನಿದ್ದೆ, ಬೈಗುಳಕ್ಕೆ ಸಾಕಾಗುವಷ್ಟು. ನರ್ಸರಿಗೆ ಸೇರಿಸಿದ ಎರಡನೇ ತಿಂಗಳು ಶಾಲೆಯವರು ಕರೆಸಿದರು. ಕೌನ್ಸೆಲರ್ ಮೇಡಂ ಒಳ್ಳೆಯ ಹೆಂಗಸು. ಚಿನ್ಮಯಿಯನ್ನು ತಮ್ಮ ಪಕ್ಕ ಕೂರಿಸಿಕೊಂಡು ನನಗೆ ಚಹಾ ಕೊಟ್ಟರು. ಮಗು ಎರಡು ಭಾಷೆಯ ನಡುವೆ ಸಿಕ್ಕಿಕೊಂಡಿದೆ, ಒಂದನ್ನು ಬಿಡಿ, ಇಲ್ಲದಿದ್ದರೆ ಹಿಂದೆ ಬೀಳುತ್ತಾಳೆ ಎಂದರು. “ಘರ್ ಮೇ ಏಕ್ ಹೀ ಭಾಷಾ ರಖಿಯೇ.” ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ನನ್ನ ಎದುರೇ ದಾಖಲೆ ಪುಸ್ತಕ ತೆರೆದರು. ಮಾತೃಭಾಷೆಯ ಜಾಗದಲ್ಲಿ ಕನ್ನಡ ಎಂದು ನಾನೇ ಬರೆದದ್ದನ್ನು ನಾನೇ ಹೊಡೆದು ಹಿಂದಿ ಎಂದು ತಿದ್ದಿ ಸಹಿ ಹಾಕಿದೆ. ತಿದ್ದಿದ ಕಡೆ ಸಹಿ ಹಾಕಬೇಕೆನ್ನುವುದು ನನಗೆ ಕಚೇರಿಯ ಅಭ್ಯಾಸ.

ಅವತ್ತು ಸಂಜೆ ಅವಳನ್ನು ಎತ್ತಿಕೊಂಡು ಹಸಿವಾಯಿತೇ ಎಂದು ಕೇಳಲು “ಭೂಖ್ ಲಗೀ ಹೈ?” ಎಂದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಆಮೇಲೆ ಬೆರಳು ಚಾಚಿ ನನ್ನ ತುಟಿ ಮುಟ್ಟಿ ನೋಡಿದಳು. ಇದು ನಮ್ಮ ಅಮ್ಮನದೇ ಬಾಯಿ ತಾನೆ ಎನ್ನುವ ಹಾಗೆ.

ನಾಲ್ಕು ತಿಂಗಳ ಮೇಲೆ ಅವಳು “ಪಾನೀ” ಎಂದಳು. ನಾನು ಕಚೇರಿಗೆಲ್ಲ ಲಡ್ಡು ಹಂಚಿದೆ. ಕನ್ನಡದಲ್ಲೇ ಇದ್ದಿದ್ದರೂ ಅದೇ ವಾರ “ನೀರು” ಎನ್ನುತ್ತಿದ್ದಳೋ ಏನೋ, ಯಾರಿಗೆ ಗೊತ್ತು? ಇನ್ನು ತಿಳಿಯುವ ದಾರಿಯೂ ಇಲ್ಲ. ಅವಳು ಐದಾರು ವರ್ಷದವಳಾದ ಮೇಲೆ ಮತ್ತೆ ಕನ್ನಡ ಶುರು ಮಾಡೋಣ ಎಂದುಕೊಂಡೆ. ನಮ್ಮ ಮನೆಯಿರುವ ರೋಹಿಣಿ ಬಡಾವಣೆಯಿಂದ ಕಚೇರಿಗೆ ಮೆಟ್ರೊದಲ್ಲಿ ಒಂದೂಕಾಲು ಗಂಟೆ, ಬರುವುದು ಒಂದೂಕಾಲು ಗಂಟೆ. ಬಂದು ಹಿಟ್ಟು ಕಲಸುವಾಗ ಅವಳು ಹಿಂದಿಯಲ್ಲಿ ಕೇಳಿದ್ದಕ್ಕೆ ಬಾಯಿಗೆ ಬಂದದ್ದು ಹಿಂದಿಯೇ. ತಮ್ಮ ಶಂಕರನ ಜೊತೆ, ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಆಡುತ್ತಿದ್ದೆ. ಅದು ಅವಳ ಕಿವಿಗೆ ಬಿದ್ದು ಅರ್ಥವಾಗುತ್ತಿತ್ತು. ಅಮ್ಮ ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಹೇಳುವುದು, ಅದನ್ನು ನಾನು ಅಮ್ಮನಿಗೆ ದಾಟಿಸುವುದು ವಾಡಿಕೆಯಾಯಿತು. ಅಮ್ಮ ಎಂದೂ ಆ ಮಾತನ್ನು ನೆನಪಿಸಲಿಲ್ಲ. “ಹ್ಞೂಂ, ಲೈನ್ ಕ್ಲಿಯರ್ ಇಲ್ಲ” ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ಅರ್ಜಿಗೆ ಇಲ್ಲಿಯ ಕನ್ನಡ ಸಂಘವೊಂದರ ದೃಢೀಕರಣ ಬೇಕಿತ್ತು. ನಮ್ಮ ಕಡೆಯ ಚಿಕ್ಕ ಸಂಘದ ಕಾರ್ಯದರ್ಶಿ ಸೂರ್ಯನಾರಾಯಣ ಅವರು, ಕೇಂದ್ರ ಸರ್ಕಾರದಲ್ಲಿ ಉಪಕಾರ್ಯದರ್ಶಿಯಾಗಿ ನಿವೃತ್ತರಾದವರು, ಕರೋಲ್ ಬಾಗಿನಲ್ಲಿ ಸೀರೆ ಅಂಗಡಿಯ ಮೇಲಿನ ಮನೆಯಲ್ಲಿದ್ದಾರೆ. ಶನಿವಾರ ಮಗಳನ್ನೂ ಕರೆದುಕೊಂಡು ಹೋದೆ. ಅವರು ಕನ್ನಡಕ ಏರಿಸಿ ನಕ್ಷತ್ರದ ಟಿಪ್ಪಣಿಯನ್ನು ಎರಡು ಸಲ ಓದಿದರು.

“ಇದನ್ನ ಬರೆದವನು ಯಾರಮ್ಮ? ಮದುವೆಯಾಗದ ಯಾವನೋ ಇರ್ಬೇಕು” ಎಂದರು. “ನೋಡಮ್ಮ, ನನ್ನ ತಾಯಿ ನನ್ನ ಹತ್ರ ಆಡಿದ್ದು ತೆಲುಗು. ನಾನು ಬೆಳೆದದ್ದು ಕನ್ನಡದಲ್ಲಿ. ನನ್ನ ಹೆಂಡತಿ ನನ್ನ ಮಗನ ಹತ್ರ ಆಡಿದ್ದು ಅರ್ಧ ಕನ್ನಡ, ಅರ್ಧ ಹಿಂದಿ. ನನ್ನ ಸೊಸೆ ಪಂಜಾಬಿನವಳು, ಅವಳು ನನ್ನ ಮೊಮ್ಮಗನ ಹತ್ರ ಇಂಗ್ಲಿಷ್ ಬಿಟ್ಟು ಬಾಯಿ ಬಿಡಲ್ಲ. ಮೂರೂ ತಲೆಮಾರಿನ ಕಾಲಮ್ಮಿನಲ್ಲಿ ಕನ್ನಡ ಅಂತ ನಾನೇ ಬರೆಸಿದೀನಿ. ಜನ ಮಾತೃಭಾಷೆ ಅಂದ್ರೆ ನೀವು ಯಾರ ಪೈಕಿ ಅಂತ ಕೇಳ್ತಾರೆ ಅಂದ್ಕೊಳ್ತಾರೆ. ಇವರು ನೋಡಿದ್ರೆ ನಿಮ್ಮಮ್ಮ ಏನು ಮಾತಾಡಿದ್ಲು ಅಂತ ನಿಜವಾಗಿಯೂ ಕೇಳ್ತಾ ಇದಾರೆ.”

“ನಾನು ಅವಳ ಹತ್ರ ಆಡಿದ್ದು...” ಎಂದೆ.

“ಹೇಳ್ಬೇಡ. ನಾನು ಕೇಳಲಿಲ್ಲ” ಎಂದು ಅವರು ಮುದ್ರೆಯ ಡಬ್ಬಿ ಎಳೆದುಕೊಂಡರು. “ಶಾಲೆ ದಾಖಲೆ ಬಿಟ್ಟುಬಿಡು. ಕಳೆದುಹೋಗಿದೆ ಅಂತ ಬರಿ.”

ಚಿನ್ಮಯಿ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದವಳು, “ಝೂಟ್ ಕ್ಯೋಂ, ಅಂಕಲ್? ಸುಳ್ಳು ಬೇಡ. ನಾನು ಮಾತಾಡ್ತೀನಿ ಕನ್ನಡ” ಎಂದಳು. ನಿಧಾನವಾಗಿ, ಒಂದೊಂದೇ ಮಾತನ್ನು ಎತ್ತಿ ಇಟ್ಟ ಹಾಗೆ.

“ಹಾಗಾದ್ರೆ ಮಾತಾಡು ನೋಡೋಣ. ನಿಮ್ಮೂರು ಯಾವುದು?”

ಅವಳು ಯೋಚಿಸಿದಳು. ನನ್ನ ಬಾಯಿ ತಡೆಯಲಿಲ್ಲ. “ತುಮಕೂರು ಅನ್ನು” ಎಂದೆ.

ಸೂರ್ಯನಾರಾಯಣರು ನನ್ನನ್ನೇ ನೋಡಿದರು. ಮುದ್ರೆ ಒತ್ತಿದರು. ಕೆಳಗೆ ಇಳಿದು ರಿಕ್ಷಾ ಹತ್ತಿದ ಮೇಲೆ ಚಿನ್ಮಯಿ, “ನಾನು ರೋಹಿಣಿ ಬೋಲನೇ ವಾಲೀ ಥೀ” ಎಂದಳು. ರೋಹಿಣಿ ಎನ್ನುವವಳಿದ್ದಳಂತೆ.

ಶಾಲಾ ದಾಖಲೆ ಲಗತ್ತಿಸಿಯೇ ಕಳಿಸಿದೆವು. ಮೂರು ವಾರಕ್ಕೆ ಉತ್ತರ ಬಂತು. ಅರ್ಜಿಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿ. ಸಂಶಯವಿದ್ದಲ್ಲಿ ಟ್ರಸ್ಟಿನ ಪದ್ಧತಿಯಂತೆ ಅಭ್ಯರ್ಥಿಯು ತನ್ನ ಮನೆಯ ಹಿರಿಯರೊಬ್ಬರೊಡನೆ ಹತ್ತು ನಿಮಿಷ ಕನ್ನಡದಲ್ಲಿ ಮಾತಾಡಬೇಕು, ಟ್ರಸ್ಟಿನವರು ವಿಡಿಯೊ ಕರೆಯಲ್ಲಿ ಕೇಳುತ್ತಾರೆ. ವ್ಯಾಕರಣ ನೋಡುವುದಿಲ್ಲ. ಓದು ಬರಹ ಬೇಕಿಲ್ಲ. ತಂದೆ ತಾಯಿ ಆ ಹಿರಿಯರಾಗುವಂತಿಲ್ಲ. ಮಾತಿನ ನಡುವೆ ಮೂರನೆಯವರು ಬಾಯಿ ಹಾಕಿದರೆ ಕರೆ ಅಲ್ಲಿಗೆ ಮುಗಿಯಿತೆಂದು ತಿಳಿಯತಕ್ಕದ್ದು.

ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಎಪ್ಪತ್ತೆಂಟರ ಅಮ್ಮ ತುಮಕೂರಿನಲ್ಲಿ ಶಂಕರನ ಮನೆಯಲ್ಲಿದ್ದಾಳೆ. ಹೆಡ್‌ಫೋನು ಹಾಕುತ್ತಿದ್ದ ಎಡಗಿವಿ ಮಂದ. ಬಲಗಿವಿ ಇನ್ನೂ ಚುರುಕು. ಕೊನೆಯ ಸಾಲು ಕೇಳಿ ಅವಳು ನಕ್ಕದ್ದು ಶಂಕರನ ಹೆಂಡತಿಗೂ ಕೇಳಿಸಿ, ಏನಾಯಿತತ್ತೆ ಎಂದು ಆಕೆ ಬಂದಳು.

“ಈ ಟ್ರಸ್ಟಿನವ್ರು ಯಾರೋ ಎಕ್ಸ್‌ಚೇಂಜಲ್ಲಿ ಕೆಲ್ಸ ಮಾಡಿರ್ಬೇಕು ಕಣೆ. ಕೊಡು ಚಿನ್ನೂಗೆ ಫೋನು. ನೀನು ಲೈನ್ ಬಿಡು.”

ನಾನು ಲೈನ್ ಬಿಡಲಿಲ್ಲ. ದಿನಾ ಸಂಜೆ ಅಭ್ಯಾಸ ಮಾಡಿಸಿದೆ. ಮೂವತ್ತು ಪ್ರಶ್ನೆ, ಮೂವತ್ತು ಉತ್ತರ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಅವಳಿಗೆ ಓದಲು ಬಾರದ್ದರಿಂದ ಹಿಂದಿ ಲಿಪಿಯಲ್ಲಿ ಬರೆದೆ. ಊಟ ಆಯ್ತಾ, ಏನು ಅಡುಗೆ, ಶಾಲೆಯಲ್ಲಿ ಏನು ಓದಿದೆ, ದೊಡ್ಡವಳಾಗಿ ಏನಾಗುತ್ತಿ. ಅಮ್ಮ ಕೇಳುವಳು. ಚಿನ್ಮಯಿ ಯೋಚಿಸುವಳು. ಮೂರು ಎಣಿಸುವಷ್ಟರಲ್ಲಿ ನಾನು ಹೇಳಿಕೊಡುವೆ.

“ನೀನು ಹೇಳಿದ್ದು ನಂಗೆ ಗೊತ್ತು, ಅವಳು ಹೇಳೋದು ಗೊತ್ತಾಗ್ಬೇಕು” ಎನ್ನುವಳು ಅಮ್ಮ.

“ಅವಳು ಹೇಳ್ಬೇಕಲ್ಲಮ್ಮ.”

“ಹೇಳ್ತಾಳೆ. ಕಾಯ್ಬೇಕು. ಮದ್ರಾಸ್ ಲೈನ್‌ಗೆ ನಾನು ಎರಡು ಗಂಟೆ ಕಾದಿದೀನಿ.”

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮೆಟ್ರೊ ಬೇಗ ಸಿಕ್ಕಿ ಬೆಳಕಿರುವಾಗಲೇ ನಮ್ಮ ಸೆಕ್ಟರಿನ ಗೇಟಿಗೆ ಬಂದೆ. ಪಾರ್ಕಿನ ಗೋಡೆಯ ಹಿಂದೆ ಚಿನ್ಮಯಿ ಬೀದಿನಾಯಿಗಳಿಗೆ ಹಾಲು ರೊಟ್ಟಿ ಹಾಕುತ್ತಿದ್ದಳು. ಇದಕ್ಕಾಗಿ ಕಾಲೋನಿಯವರೊಂದಿಗೆ ನನಗೆ ವಾರಕ್ಕೊಂದು ಜಗಳ. ಕೂಗಿ ಕರೆಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ.

“ಬಾ ಬಾ. ನಿಂಗೆ ಆಮೇಲೆ. ಅವ್ಳು ಗರ್ಭಿಣಿ ಅಲ್ವಾ, ಅವ್ಳು ಮೊದಲು ತಿನ್ಲಿ. ಏಯ್, ತಳ್ಬೇಡ ಕಣೋ, ಕೂತ್ಕೊ. ಎಷ್ಟು ಅವಸರ ನಿಂಗೆ.”

ಅಮ್ಮನ ದನಿ. ಅಮ್ಮನ ಎಳೆತ. ನಾನು ಶಂಕರನಿಗೆ ಫೋನಿನಲ್ಲಿ ಬೈಯುವ ‘ಕಣೋ’. ಎಲ್ಲಿಯೂ ತಡವರಿಕೆ ಇಲ್ಲ. ನಾಯಿಗಳು ಕೂತವು.

ಆಮೇಲೆ ಮನೆಯಲ್ಲಿ ಕೇಳಿದೆ. ನಾಚಿಕೊಂಡಳು. “ಉನ್ಕೋ ಕನ್ನಡ ಆತೀ ಹೈ” ಎಂದಳು. ಅವುಗಳಿಗೆ ಕನ್ನಡ ಬರುತ್ತದಂತೆ. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಅವು ನಗಲ್ಲ ಅಮ್ಮ. ಮತ್ತೆ... ಅವು ವೇಟ್ ಮಾಡ್ತವೆ” ಎಂದಳು.

ನಾನು ಆ ಮಾತನ್ನು ಕೇಳಿದೆ. ಕೇಳಿಯೂ ಫ್ರಿಜ್ಜಿನ ಬಾಗಿಲಿಗೆ ಇನ್ನೂ ಐದು ಪ್ರಶ್ನೆ ಅಂಟಿಸಿದೆ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕರೆ. ಊಟದ ಮೇಜಿನ ಮೇಲೆ ಅವಲಕ್ಕಿ ಡಬ್ಬಿಗೆ ಫೋನನ್ನು ಒರಗಿಸಿದೆ. ಚಿನ್ಮಯಿ ನೀಲಿ ಕುರ್ತಾ ಹಾಕಿಕೊಂಡು ಕೂತಳು. ನಾನು ಫೋನಿಗೆ ಕಾಣದ ಹಾಗೆ, ಆದರೆ ಪರದೆ ನನಗೆ ಓರೆಯಲ್ಲಿ ಕಾಣುವ ಹಾಗೆ, ಅವಳ ಪಕ್ಕದ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಯಶವಂತ್ ಭೋಪಾಲಿನಿಂದ “ಬಾಹರ್ ಚಲೀ ಜಾವೊ ತುಮ್, ಪ್ಲೀಸ್” ಎಂದು ಬರೆದಿದ್ದರು. ಹೊರಗೆ ಹೋಗಬೇಕಿತ್ತು. ಮಗಳ ಜೀವನದ ಹತ್ತು ನಿಮಿಷ ಒಳಗೆ ನಡೆಯುವಾಗ ಮೆಟ್ಟಿಲ ಮೇಲೆ ಕೂರಲು ನನಗೆ ಆಗಲಿಲ್ಲ.

ಟ್ರಸ್ಟಿನ ಪರವಾಗಿ ಸಂಯುಕ್ತಾ ಎನ್ನುವವರು ಬಂದರು. ನನ್ನದೇ ವಯಸ್ಸು, ದಣಿದ ಮುಖ. ನಿಯಮ ಹೇಳಿದರು. “ಮನೆಯಲ್ಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ. ನಾವಿದೀವಿ ಅಂತ ಮರೆತುಬಿಡಿ.” ಆ ಕಡೆ ಶಂಕರ ಅಮ್ಮನಿಗೆ ಫೋನು ಸರಿಮಾಡಿ ಕೊಟ್ಟು ಎದ್ದು ಹೋದ. ಅಮ್ಮ ಬಲಗಿವಿಯನ್ನು ಮುಂದೆ ಮಾಡಿಕೊಂಡು, ಡ್ಯೂಟಿಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಳು.

“ಏನೇ ಚಿನ್ನೂ, ಊಟ ಆಯ್ತಾ?”

“ಇನ್ನೂ ಇಲ್ಲ ಅಜ್ಜಿ. ತಿಂಡಿ ಆಯ್ತು. ಅವಲಕ್ಕಿ.”

“ನಿಮ್ಮಮ್ಮನ ಅವಲಕ್ಕಿನಾ? ಉಪ್ಪು ಇತ್ತಾ?”

ಚಿನ್ಮಯಿ ಯೋಚಿಸಿದಳು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. “ಜಾಸ್ತಿ ಇತ್ತು” ಎಂದಳು. ಸಂಯುಕ್ತಾ ನಕ್ಕದ್ದು ಕಂಡಿತು.

ಚೆನ್ನಾಗಿ ಹೋಗುತ್ತಿತ್ತು. ಫ್ರಿಜ್ಜಿನ ಪ್ರಶ್ನೆಗಳನ್ನು ಅಮ್ಮ ಕೇಳಲೇ ಇಲ್ಲ. ನಾಯಿಗಳ ಬಗ್ಗೆ ಕೇಳಿದಳು. ಗರ್ಭಿಣಿ ನಾಯಿಯ ಹೆಸರೇನು, ಎಷ್ಟು ಮರಿ ಹಾಕಬಹುದು, ಕಾಲು ಮುರಿದ ಕರಿಯನಿಗೆ ಏನು ಮಾಡಿದೆ. ಚಿನ್ಮಯಿಯ ಉತ್ತರಗಳು ನಿಧಾನ. ಒಂದೆರಡು ಕಡೆ ಹಿಂದಿ ಬಂತು, ತಾನೇ ಹಿಂತೆಗೆದುಕೊಂಡಳು. ನನ್ನ ಎದೆ ಸ್ವಲ್ಪ ಹಗುರಾಯಿತು. ಗೋಡೆ ಗಡಿಯಾರದಲ್ಲಿ ಎಂಟು ನಿಮಿಷ ಕಳೆದಿತ್ತು.

ಆಗ ಅಮ್ಮ ಕೇಳಿದಳು. “ಚಿನ್ನೂ, ನೀನು ಮೂರು ವರ್ಷದವಳಿದ್ದಾಗ ನಾನು ಫೋನ್ ಮಾಡಿದ್ರೆ ನಿನ್ನ ಉಸಿರು ಮಾತ್ರ ಕೇಳಿಸೋದು. ಮಾತೂ ಇಲ್ಲ, ಫೋನೂ ಇಡ್ತಿರ್ಲಿಲ್ಲ. ಅರ್ಧರ್ಧ ಗಂಟೆ. ಅಷ್ಟು ಹೊತ್ತು ಏನು ಮಾಡ್ತಿದ್ದೆ?”

ಇದು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಚಿನ್ಮಯಿ ಸುಮ್ಮನಾದಳು. ಮೇಜಿನ ಹಾಸಿನ ದಾರವೊಂದನ್ನು ಉಗುರಿನಿಂದ ಎಳೆಯತೊಡಗಿದಳು. ಕೆಳಗೆ ತರಕಾರಿ ಭಯ್ಯಾ ತೋರಿ, ಟಿಂಡಾ ಎಂದು ಕೂಗುತ್ತಿದ್ದ. ಐದು ಎಣಿಸಿದೆ. ಹತ್ತು ಎಣಿಸಿದೆ. ಅಮ್ಮ ಮುಖ ಅಲುಗಿಸದೆ ಕಾಯುತ್ತಿದ್ದಳು. ಸಂಯುಕ್ತಾ ಕಾಗದದ ಮೇಲೆ ಏನೋ ಬರೆದರು. ಹದಿನೈದು. ಚಿನ್ಮಯಿ ತಲೆಯೆತ್ತಿ ನನ್ನ ಕಡೆ ನೋಡಿದಳು. ತುಟಿ ತೆರೆದಿತ್ತು, ದನಿ ಇರಲಿಲ್ಲ. ನರ್ಸರಿಯ ಆ ಕೋಣೆಯಲ್ಲಿ ಚಹಾದ ಬಟ್ಟಲಿನಾಚೆ ನನ್ನನ್ನು ನೋಡುತ್ತಿದ್ದ ಅದೇ ಮುಖ. ಇಪ್ಪತ್ತು.

“ನಾಚಿಕೆ ಆಗ್ತಿತ್ತು ಅನ್ನು” ಎಂದೆ.

ಪಿಸುಮಾತೇ. ಆದರೆ ಆ ಮೌನದಲ್ಲಿ ಅದು ಎಲ್ಲರಿಗೂ ಕೇಳಿಸಿತು. ಅಮ್ಮ ಕಣ್ಣು ಮುಚ್ಚಿಕೊಂಡಳು.

“ಹರಿಣಿ” ಎಂದಳು, ತುಂಬ ಮೆತ್ತಗೆ. “ಲೈನ್ ಬಿಡೇ.”

“ಕ್ಷಮಿಸಿ” ಎಂದರು ಸಂಯುಕ್ತಾ. “ಇಲ್ಲಿಗೆ ನಿಲ್ಲಿಸಬೇಕಾಗುತ್ತೆ.”

ನಾನು ಓಡಿ ಬಂದು ಫೋನಿನ ಮುಂದೆ ಬಾಗಿದೆ. ಅವಳ ತಪ್ಪಿಲ್ಲ, ನನ್ನ ತಪ್ಪು, ಇನ್ನೊಂದು ಸಲ ಕೇಳಿ, ನಾನು ಮನೆಯಲ್ಲೇ ಇರುವುದಿಲ್ಲ, ಬೇಕಾದರೆ ಬೀಗ ಹಾಕಿಕೊಂಡು ಹೋಗುತ್ತೇನೆ ಎಂದೆ. ಸಂಯುಕ್ತಾ ಪಕ್ಕದಲ್ಲಿ ಯಾರನ್ನೋ ನೋಡಿದರು. “ಮೇಡಂ, ನನಗೂ ಇಬ್ಬರು ಮಕ್ಕಳಿದಾರೆ. ಹುಡುಗಿ ಚೆನ್ನಾಗಿ ಮಾತಾಡ್ತಿದ್ಲು. ಆದ್ರೆ ಬೆಳಿಗ್ಗೆಯಿಂದ ಬೇರೆ ಇಬ್ಬರು ಅಭ್ಯರ್ಥಿಗಳನ್ನ ಇದೇ ಕಾರಣಕ್ಕೆ ಕೈಬಿಟ್ಟಿದೀನಿ. ಇವಳಿಗೊಂದು, ಅವರಿಗೊಂದು ಮಾಡೋದು ನನ್ನ ಕೈಲಿಲ್ಲ” ಎಂದರು. ಅವರ ದನಿಯಲ್ಲಿ ಕಠಿಣತನ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ನಾನೂ ಕಚೇರಿಯಲ್ಲಿ ದಿನಕ್ಕೆ ಹತ್ತು ಜನರಿಗೆ ಇದೇ ದನಿಯಲ್ಲಿ ಇದನ್ನೇ ಹೇಳುತ್ತೇನೆ.

ಪರದೆ ಕಪ್ಪಾಯಿತು. ಚಿನ್ಮಯಿ ಎದ್ದು ಹೋಗಲಿಲ್ಲ. ಎಳೆದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕೂತಿದ್ದಳು.

“ಅಮ್ಮಾ, ನಾನು ಹೇಳ್ತಿದ್ದೆ.”

“ಏನು?”

“ಕೇಳಿಸ್ಕೊಳ್ತಾ ಇದ್ದೆ ಅಂತ. ಅಜ್ಜಿ ಮಾತಾಡೋದನ್ನ ಕೇಳಿಸ್ಕೊಳ್ತಾ ಇದ್ದೆ ಅಂತ.” ದಾರ ತುಂಡಾಯಿತು. “ಮುಝೆ ಥೋಡಾ ಟೈಮ್ ಲಗ್ತಾ ಹೈ. ಬಸ್.” ಅವಳಿಗೆ ಸ್ವಲ್ಪ ಹೊತ್ತು ಬೇಕು, ಅಷ್ಟೇ.

ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈಯಲಿಲ್ಲ. ಒಳಗೆ ಹೋಗಿ ಕುರ್ತಾ ಬದಲಿಸಿಕೊಂಡು ರೊಟ್ಟಿಯ ಡಬ್ಬಿ ಹಿಡಿದು ಕೆಳಗಿಳಿದಳು.

ಕಾಗದ ಎರಡು ವಾರಕ್ಕೆ ಬಂತು. ‘ಕಾಲಂ ೯ರಲ್ಲಿ ನಮೂದಿಸಿದ ಮಾತೃಭಾಷೆ ದೃಢಪಟ್ಟಿರುವುದಿಲ್ಲ.’ ಸೂರ್ಯನಾರಾಯಣರು ಫೋನು ಮಾಡಿ ಮೇಲ್ಮನವಿ ಬರೆದುಕೊಡುತ್ತೇನೆ ಎಂದರು. ಆ ಟಿಪ್ಪಣಿಯ ಅರ್ಥವೇ ತಪ್ಪು, ಮಾತೃಭಾಷೆ ಎಂದರೆ ಮಗು ಆಡಿದ್ದೂ ಅಲ್ಲ, ತಾಯಿ ಆಡಿದ್ದೂ ಅಲ್ಲ, ಮಗು ಕೇಳಿಸಿಕೊಂಡದ್ದು ಎಂದು ವಾದಿಸಬಹುದು ಎಂದರು. ಒಳ್ಳೆಯ ವಾದ. ಅವರು ಬರೆದೂ ಕೊಟ್ಟರು, ನಾನು ಕಳಿಸಿದೆ. ಅಷ್ಟರಲ್ಲಿ ಎರಡೂ ಸೀಟು ತುಂಬಿದ್ದವು. ಟ್ರಸ್ಟಿನ ಟಪಾಲು ವಿಭಾಗದಲ್ಲಿ ನನ್ನಂಥ ಯಾರೋ ಅದಕ್ಕೊಂದು ನಂಬರು ಕೊಟ್ಟು ಸ್ವೀಕೃತಿ ಕಳಿಸಿದ್ದಾರೆ.

ಚಿನ್ಮಯಿ ಮನೆಗೆ ಹತ್ತಿರದ ಕಾಲೇಜಿನಲ್ಲಿ ಬಿ.ಕಾಂ.ಗೆ ಸೇರಿದಳು. ಫಾರ್ಮು ಅವಳೇ ತುಂಬಿದಳು. ಮಾತೃಭಾಷೆಯ ಕಾಲಮ್ಮಿನಲ್ಲಿ ಏನು ಬರೆದಳು ಎಂದು ನಾನು ನೋಡಲಿಲ್ಲ. ಫ್ರಿಜ್ಜಿನ ಬಾಗಿಲ ಮೇಲಿನ ಮೂವತ್ತೈದು ಪ್ರಶ್ನೆಗಳನ್ನು ಕಿತ್ತಾಗ ಅಂಟಿನ ಕಲೆ ಉಳಿಯಿತು. ಉಜ್ಜಿದರೂ ಹೋಗುತ್ತಿಲ್ಲ.

ಕಳೆದ ಭಾನುವಾರ ಅಮ್ಮನ ಫೋನು ಬಂತು. “ಚಿನ್ನೂಗೆ ಕೊಡು” ಎಂದಳು. ಚಿನ್ಮಯಿ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಫೋನು ಹಿಡಿದುಕೊಂಡು ಅವಳ ಹತ್ತಿರ ಹೋದೆ. ಅವಳು ತಿರುಗಲಿಲ್ಲ.

“ಬೋಲ್ ದೋ ನಾ, ಬಾದ್ ಮೇ ಕರೂಂಗೀ.”

“ಆಮೇಲೆ ಮಾಡ್ತಾಳಂತೆ ಅಮ್ಮ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. “ಮರಿ ಎಷ್ಟು ಹಾಕಿತು ಅಂತ ಕೇಳು” ಎಂದಳು ಅಮ್ಮ.

“ನಾನೀ ಪೂಛ್ ರಹೀ ಹೈಂ, ಕಿತ್ನೇ ಬಚ್ಚೇ ಹುಯೇ?”

“ಪಾಂಚ್. ಏಕ್ ಮರ್ ಗಯಾ.”

“ಐದು ಅಂತೆ ಅಮ್ಮ. ಒಂದು ಹೋಯ್ತಂತೆ.”

ನಿಮ್ಮಿಬ್ಬರ ಮಧ್ಯೆ ನಿಲ್ಲುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಉಳಿಸಿಕೊಳ್ಳಲಿಲ್ಲ.